ರಕ್ತನಾಳದ ಲ್ಯಾಬ್‌ನಲ್ಲಿ ಯಾರ್ಯಾರು ಕೆಲಸ ಮಾಡುತ್ತಾರೆ? ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರ. ಕೆಲಸ ಗಡಿಯಾಚೆ, ಮಂಗಳೂರು ಕಡೆಯ ಒಂದು ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ. ಅಲ್ಲಿ ನಾನು ಟೆಕ್ನಿಕಲ್ ಅಸಿಸ್ಟೆಂಟ್. ಮದುವೆ ಮನೆಯಲ್ಲಿ, ರೈಲಿನಲ್ಲಿ, ಮಗಳ ಶಾಲೆಯ ಮೀಟಿಂಗಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ನಿಂತಲ್ಲೇ ಹೇಳಿದರೆ ಅರ್ಧ ಹೇಳಿ ಅರ್ಧ ಉಳಿಯುತ್ತದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ರಕ್ತನಾಳದ ಮೇಲೆ ರಿಸರ್ಚ್ ಮಾಡುವುದಕ್ಕೆ ಎಂತ ಇದೆ? ಅದು ಪೈಪಿನ ಹಾಗೆ ಅಲ್ವಾ?

ಅಡಿಕೆ ತೋಟದ ಪೈಪು ನೋಡಿ ಬೆಳೆದ ನಮಗೆ ಹಾಗೆ ಅನಿಸುವುದು ಸಹಜ. ಆದರೆ ಇದಕ್ಕಿಂತ ಒಳ್ಳೆಯ ಹೋಲಿಕೆ ನಮ್ಮ ಊರಲ್ಲೇ ಇದೆ: ಸುರಂಗ. ಬಾಯಾರು, ಪಡ್ರೆ ಕಡೆ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದೊಳಗೆ ಹೋದವರಿಗೆ ಗೊತ್ತು. ಅಲ್ಲಿ ನೀರು ಕೊಡುವುದು ಗೋಡೆ. ಎಲ್ಲಿ ಒಸರುತ್ತದೆ, ಎಲ್ಲಿ ಬಿಗಿಯಾಗಿರುತ್ತದೆ ಎನ್ನುವುದು ಆ ಗೋಡೆಯ ಗುಣ.

ರಕ್ತನಾಳದಲ್ಲೂ ಗೋಡೆಗೇ ಜಾಸ್ತಿ ಕೆಲಸ. ನಾಳದ ಒಳಮೈಗೆ ಒಂದೇ ಒಂದು ಪದರ ಕೋಶಗಳ ಹೊದಿಕೆ ಇದೆ. ಅದರ ಹೆಸರು ಎಂಡೋಥೀಲಿಯಂ. ಕನ್ನಡದಲ್ಲಿ ನಾನು ಒಳಪದರ ಎಂದೇ ಹೇಳುತ್ತೇನೆ. ನಾಳ ಹಿಗ್ಗಬೇಕೋ ಕುಗ್ಗಬೇಕೋ, ರಕ್ತ ಹೆಪ್ಪುಗಟ್ಟಬೇಕೋ ಬೇಡವೋ, ಯಾವುದು ಹೊರಗೆ ದಾಟಬಹುದು, ಯಾವುದು ದಾಟಬಾರದು ಎನ್ನುವುದರಲ್ಲೆಲ್ಲ ಇದರ ಮಾತು ನಡೆಯುತ್ತದೆ. ಈ ಪದರ ಕೆಟ್ಟಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ, ನಾಳ ಗಡುಸಾಗುತ್ತದೆ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಸಕ್ಕರೆ ಕಾಯಿಲೆಯವರ ಕಣ್ಣು ಮತ್ತು ಕಿಡ್ನಿ ತೊಂದರೆ, ಇವುಗಳ ಬೇರು ಹುಡುಕಿಕೊಂಡು ಹೋದರೆ ಈ ಗೋಡೆಗೇ ಬಂದು ನಿಲ್ಲುತ್ತೇವೆ.

ನೀವು ಡಾಕ್ಟರಾ? ನನ್ನ ಕಾಲಿನ ನರ ಉಬ್ಬಿದೆ, ಸ್ವಲ್ಪ ನೋಡ್ತೀರಾ?

ನಾನು ಡಾಕ್ಟರ್ ಅಲ್ಲ. ನಮ್ಮಲ್ಲಿ ಕೆಲವರ ಹೆಸರಿನ ಹಿಂದೆ ಡಾಕ್ಟರ್ ಎಂದಿರುತ್ತದೆ, ಅದು ಪಿಎಚ್‌ಡಿ ಮಾಡಿದ್ದಕ್ಕೆ. ಯಾರಿಗೂ ಮಾತ್ರೆ ಬರೆದುಕೊಡುವ ಅಧಿಕಾರ ನಮಗಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಮೀನಖಂಡ ನೋಯುತ್ತಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ಲ್ಯಾಬ್‌ನಲ್ಲಿ ಯಾರ್ಯಾರು ಇರುತ್ತಾರೆ?

ಟೀವಿಯಲ್ಲಿ ಒಬ್ಬರೇ ಬಿಳಿ ಕೋಟು ಹಾಕಿಕೊಂಡು ಟ್ಯೂಬ್ ಹಿಡಿದು ನಿಂತಿರುತ್ತಾರೆ. ನಿಜವಾದ ಲ್ಯಾಬ್ ಒಂದು ಕೂಡುಕುಟುಂಬ.

ಮೇಲೆ ಒಬ್ಬರು ಪ್ರೊಫೆಸರ್. ಯಾವ ಪ್ರಶ್ನೆ ಹಿಡಿಯಬೇಕು ಎಂದು ತೀರ್ಮಾನ ಮಾಡುವವರು, ದುಡ್ಡು ತರುವವರು ಅವರೇ. ಅವರ ಅರ್ಧ ಆಯುಷ್ಯ ಪ್ರಾಜೆಕ್ಟ್ ಅರ್ಜಿ ಬರೆಯುವುದರಲ್ಲಿ, ಖರ್ಚಿನ ಲೆಕ್ಕ ಕೊಡುವುದರಲ್ಲಿ ಹೋಗುತ್ತದೆ. ಅವರ ಕೆಳಗೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿ ಇನ್ನೂ ಕಾಯಂ ಕೆಲಸ ಸಿಗದವರು. ಪ್ರಯೋಗ ಎಲ್ಲಿ ತಪ್ಪುತ್ತಿದೆ ಎಂದು ಬೇಗ ಕಂಡುಹಿಡಿಯುವುದು ಸಾಮಾನ್ಯವಾಗಿ ಇವರೇ. ಆಮೇಲೆ ಪಿಎಚ್‌ಡಿ ವಿದ್ಯಾರ್ಥಿಗಳು. ಬೆನ್ನೆಲುಬು ಅಂದರೆ ಅವರು. ಪ್ರಾಜೆಕ್ಟ್ ಅಸಿಸ್ಟೆಂಟ್‌ಗಳು ವರ್ಷ ಎರಡು ವರ್ಷದ ಕರಾರಿನ ಮೇಲೆ ಬರುತ್ತಾರೆ. ಎಂಎಸ್ಸಿ ಮಕ್ಕಳು ಕೊನೆಯ ಸೆಮಿಸ್ಟರ್‌ನಲ್ಲಿ ಕೆಲವು ತಿಂಗಳಿಗೆ ಬರುತ್ತಾರೆ. ಕೈ ನಡುಗುತ್ತಾ ಬರುತ್ತಾರೆ, ಹೋಗುವಾಗ ಅದೇ ಕೈ ಗಟ್ಟಿಯಾಗಿರುತ್ತದೆ. ಅದನ್ನು ನೋಡುವುದು ನನಗೆ ತುಂಬ ಇಷ್ಟ.

ಇನ್ನು ಹೊರಗಿನವರ ಕಣ್ಣಿಗೆ ಬೀಳದವರು. ಪಾತ್ರೆ ತೊಳೆದು ಆಟೋಕ್ಲೇವ್ ಮಾಡುವ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಅಟೆಂಡರ್. ಪ್ರಾಣಿಗಳ ಕೋಣೆ ನೋಡಿಕೊಳ್ಳುವವರು. ನಾಲ್ಕು ಡಿಗ್ರಿಯಲ್ಲಿಡಬೇಕಾದ ಪಾರ್ಸೆಲ್ ಬಿಸಿಲಿನಲ್ಲಿ ಕೂತಿದೆ ಎಂದು ಓಡಿ ಬಂದು ಹೇಳುವ ಗೇಟಿನ ಸೆಕ್ಯೂರಿಟಿ. ಬಿಲ್ ಪಾಸ್ ಮಾಡುವ ಆಫೀಸಿನವರು. ಸರಿಯಾಗಿ ತೊಳೆಯದ ಒಂದು ಗಾಜಿನ ಬಾಟಲಿಯಲ್ಲಿ ಸೋಪಿನ ಅಂಶ ಉಳಿದರೆ ಸಾಕು, ಕೋಶಗಳು ಸಾಯುತ್ತವೆ. ಪ್ರೊಫೆಸರ್ ಎಷ್ಟು ದೊಡ್ಡವರಾದರೂ ಆ ವಾರದ ಫಲಿತಾಂಶ ನಿಂತಿರುವುದು ಪಾತ್ರೆ ತೊಳೆಯುವವರ ಕೈಯಲ್ಲಿ.

ಒಂದು ದಿನದ ಕೆಲಸ ಹೇಗಿರುತ್ತದೆ?

ಬೆಳಗ್ಗಿನ ರೈಲಿನಲ್ಲಿ ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ಹೋಗುತ್ತೇನೆ. ಹೋದ ಕೂಡಲೇ ಮೊದಲು ಇನ್‌ಕ್ಯುಬೇಟರ್, ಅಂದರೆ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ನೋಡಬೇಕು. 37 ಡಿಗ್ರಿ ಬಿಸಿ, 5 ಶೇಕಡಾ ಕಾರ್ಬನ್ ಡೈಆಕ್ಸೈಡ್. ಕೋಶಗಳಿಗೆ ನಮ್ಮ ಮೈಯೊಳಗೇ ಇದ್ದೇವೆ ಎಂದು ಅನಿಸಬೇಕು, ಅಷ್ಟೇ.

ಕೋಶಗಳ ಆಹಾರಕ್ಕೆ ಮೀಡಿಯಾ ಎನ್ನುತ್ತೇವೆ. ಬಣ್ಣ ಗುಲಾಬಿ ಕೆಂಪು, ಹೆಚ್ಚುಕಮ್ಮಿ ಪುನರ್ಪುಳಿ ಶರಬತ್ತಿನ ಬಣ್ಣ. ಅದರಲ್ಲಿ ಫೀನಾಲ್ ರೆಡ್ ಎಂಬ ಬಣ್ಣ ಇರುತ್ತದೆ. ಕೋಶಗಳು ಆಹಾರ ತಿಂದು ಹುಳಿ ಬಿಟ್ಟ ಹಾಗೆ ಅದು ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಬಾಗಿಲು ತೆರೆದ ಕೂಡಲೇ ಬಣ್ಣ ನೋಡಿಯೇ ಯಾವ ಫ್ಲಾಸ್ಕ್‌ಗೆ (ಕೋಶ ಬೆಳೆಸುವ ಬಾಟಲಿಗೆ) ಹಸಿವು ಎಂದು ಗೊತ್ತಾಗುತ್ತದೆ. ರಾತ್ರಿ ಬೆಳಗಾಗುವುದರೊಳಗೆ ಹಳದಿಯಾಗಿ, ಮೇಲಿಂದ ಕದಡಿದ ಹಾಗೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಅದು ಬ್ಯಾಕ್ಟೀರಿಯಾ. ಆ ಫ್ಲಾಸ್ಕ್ ಹೋಯಿತು.

ಎರಡು ದಿನಕ್ಕೊಮ್ಮೆ ಮೀಡಿಯಾ ಬದಲಿಸಬೇಕು. ಹಳೆಯದನ್ನು ಎಳೆದು ತೆಗೆಯುವಾಗ ಪೈಪೆಟ್ಟಿನ ತುದಿ ತಳಕ್ಕೆ ತಾಗಬಾರದು, ತಾಗಿದರೆ ಕೋಶ ಕಿತ್ತು ಬರುತ್ತದೆ. ಹೊಸದನ್ನು ನೇರವಾಗಿ ಕೋಶಗಳ ಮೇಲೆ ಸುರಿಯಬಾರದು, ಪಕ್ಕದ ಗೋಡೆಯಿಂದ ಇಳಿಯಬಿಡಬೇಕು. ಎಲ್ಲಕ್ಕೂ ಮೊದಲು ಕೈಗವಸಿಗೆ 70 ಶೇಕಡಾ ಆಲ್ಕೋಹಾಲ್. ಹಬ್ಬ ಇರಲಿ, ಭಾನುವಾರ ಇರಲಿ, ಯಾರಾದರೂ ಬರಲೇಬೇಕು. ಹಟ್ಟಿಯಲ್ಲಿ ದನ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆರಿಗೆ ಆದವರ ಹೊಕ್ಕುಳಬಳ್ಳಿ ತೆಗೆದುಕೊಂಡು ಹೋಗುತ್ತೀರಂತೆ, ಹೌದಾ?

ಹೌದು. ಆದರೆ ತಾಯಿಯ ಒಪ್ಪಿಗೆ ಇದ್ದರೆ ಮಾತ್ರ.

ಮನುಷ್ಯರ ರಕ್ತನಾಳದ ಒಳಪದರದ ಕೋಶ ಬೇಕೆಂದರೆ ಯಾರ ಮೈಯಿಂದ ತೆಗೆಯುವುದು? ಹೊಕ್ಕುಳಬಳ್ಳಿಯಲ್ಲಿ ಎರಡು ಅಪಧಮನಿ, ಒಂದು ಅಗಲವಾದ ಅಭಿಧಮನಿ ಇರುತ್ತವೆ. ಆ ಅಭಿಧಮನಿಯಿಂದ ಕೋಶ ತೆಗೆದು ಬೆಳೆಸುವ ದಾರಿಯನ್ನು ಅಮೆರಿಕದ ಎರಿಕ್ ಜಾಫಿ ಮತ್ತು ಜೊತೆಗಾರರು 1973ರಲ್ಲಿ ಬರೆದು ತೋರಿಸಿದರು. ಇಂದಿಗೂ ಜಗತ್ತಿನ ಲ್ಯಾಬ್‌ಗಳು ಹೆಚ್ಚುಕಮ್ಮಿ ಅದನ್ನೇ ಮಾಡುತ್ತವೆ. ಹೆರಿಗೆ ಆದ ಮೇಲೆ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗಬೇಕಾದ ಬಳ್ಳಿಯನ್ನು ಐಸ್ ಡಬ್ಬಿಯಲ್ಲಿ ತರುತ್ತೇವೆ. ನಾಳವನ್ನು ತೊಳೆದು, ಕೊಲಾಜಿನೇಸ್ ಎಂಬ ಕಿಣ್ವ ತುಂಬಿಸಿ, ಎರಡೂ ತುದಿ ಕಟ್ಟಿ ಸ್ವಲ್ಪ ಹೊತ್ತು ಬಿಸಿಯಲ್ಲಿಡುತ್ತೇವೆ. ಆಮೇಲೆ ಹೊರಗೆ ಹರಿಸಿದಾಗ ಒಳಪದರದ ಕೋಶಗಳು ಕಿತ್ತು ಬರುತ್ತವೆ.

ಒಪ್ಪಿಗೆ ಪತ್ರ ಆ ತಾಯಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ನಮ್ಮ ಗಡಿನಾಡಿನಲ್ಲಿ ಯಾರಿಗೆ ಯಾವ ಭಾಷೆ ಎಂದು ವಿಳಾಸ ನೋಡಿ ಗೊತ್ತಾಗುವುದಿಲ್ಲ. ಒಮ್ಮೆ ಪೆರ್ಲ ಕಡೆಯ ಒಬ್ಬ ತಾಯಿಗೆ, ವಿಳಾಸದಲ್ಲಿ ಕೇರಳ ಎಂದಿದೆ ಎಂಬ ಒಂದೇ ಕಾರಣಕ್ಕೆ, ವಾರ್ಡಿನವರು ಮಲಯಾಳ ಪತ್ರ ಕೊಟ್ಟಿದ್ದರು. ಆಕೆ ಓದಿದ್ದು ಕನ್ನಡ ಶಾಲೆಯಲ್ಲಿ. ಮಾತಾಡುವಷ್ಟು ಮಲಯಾಳ ಬರುತ್ತದೆ, ಓದಲು ಕಷ್ಟ. ಏನೂ ಹೇಳದೆ ಪೆನ್ನು ಹಿಡಿದುಕೊಂಡಿದ್ದರು. ನಾನು ಹೋಗಿ "ಯಾವ ಊರು?" ಎಂದು ಕನ್ನಡದಲ್ಲಿ ಕೇಳಿದಾಗ ಅವರ ಮುಖವೇ ಬದಲಾಯಿತು. ಕನ್ನಡ ಪತ್ರ ಕೊಟ್ಟೆ. ಪೂರ್ತಿ ಓದಿದರು. "ಇದರಿಂದ ಮಗುವಿನ ಹೆಸರು ಎಲ್ಲಾದರೂ ಬರುತ್ತದಾ?" ಎಂದು ಕೇಳಿದರು. ಬರುವುದಿಲ್ಲ, ಟ್ಯೂಬಿನ ಮೇಲೆ ನಂಬರ್ ಮಾತ್ರ ಎಂದೆ. ಆಮೇಲೆ ಸಹಿ ಹಾಕಿದರು.

ಅರ್ಥವಾಗದೆ ಹಾಕಿದ ಸಹಿ ಒಪ್ಪಿಗೆ ಅಲ್ಲ. ಆ ದಿನದಿಂದ ನಾವು ಎಲ್ಲ ಭಾಷೆಯ ಪತ್ರಗಳನ್ನೂ ಎದುರಿಗಿಟ್ಟು, ಯಾವುದು ಬೇಕು ಎಂದು ಕೇಳುತ್ತೇವೆ. ಕನ್ನಡ ಪತ್ರದ ಮೊದಲ ಕರಡಿನಲ್ಲಿ ದೊಡ್ಡ ದೊಡ್ಡ ಸಂಸ್ಕೃತ ಪದಗಳಿದ್ದವು. ಅಮ್ಮನಿಗೆ ಓದಿ ಹೇಳಿದೆ. ಅವರು ಎಲ್ಲಿ ತಡೆದರೋ ಅಲ್ಲೆಲ್ಲ ಬದಲಿಸಿದೆ.

ಪ್ರಾಣಿಗಳನ್ನು ಕೊಲ್ಲುತ್ತೀರಾ?

ಕೆಲವು ಕೆಲಸಕ್ಕೆ ಇಲಿಗಳು ಬೇಕಾಗುತ್ತವೆ, ಹೌದು. ಇದನ್ನು ಮುಚ್ಚಿಡುವುದು ಸರಿಯಲ್ಲ. ರಕ್ತದೊತ್ತಡ ಒಂದು ಫ್ಲಾಸ್ಕಿನಲ್ಲಿ ಇರುವುದಿಲ್ಲ. ಇಡೀ ನಾಳ ಹೇಗೆ ಬಿಗಿಯುತ್ತದೆ, ಸಡಿಲುತ್ತದೆ ಎಂದು ನೋಡಲು ಮಹಾಪಧಮನಿಯ ಎರಡು ಮೂರು ಮಿಲಿಮೀಟರ್ ಉದ್ದದ ಉಂಗುರ ಕತ್ತರಿಸಿ, ಆಮ್ಲಜನಕ ಹಾಯಿಸಿದ ಬಿಸಿ ಉಪ್ಪುನೀರಿನಲ್ಲಿ ತಂತಿಗೆ ಸಿಕ್ಕಿಸಿ ಅಳೆಯುತ್ತೇವೆ.

ಸುಮ್ನೆ ಮನಸ್ಸು ಬಂದ ಹಾಗೆ ಮಾಡುವಂತಿಲ್ಲ. ಪ್ರತಿ ಪ್ರಯೋಗಕ್ಕೂ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು. ಎಷ್ಟು ಇಲಿ, ಯಾಕೆ ಅಷ್ಟು, ಬೇರೆ ದಾರಿ ಯಾಕಿಲ್ಲ, ನೋವು ಹೇಗೆ ತಪ್ಪಿಸುತ್ತೀರಿ ಎಂದು ಬರೆದುಕೊಡಬೇಕು. ನಮ್ಮ ಪ್ರಾಣಿ ಕೋಣೆಯ ಹಿರಿಯರು ಶಾಲೆ ಬಿಟ್ಟದ್ದು ಏಳನೇ ಕ್ಲಾಸಿಗೆ. ಆದರೆ ಇಲಿಯ ಕೂದಲು ನಿಂತ ರೀತಿ ನೋಡಿ "ಇದಕ್ಕೆ ಸೌಖ್ಯ ಇಲ್ಲ, ಇವತ್ತು ಬೇಡ" ಎನ್ನುತ್ತಾರೆ. ಅವರು ಬೇಡ ಎಂದರೆ ಬೇಡ. ಹೆದರಿದ ಪ್ರಾಣಿಯ ನಾಳ ಸರಿಯಾದ ಉತ್ತರ ಕೊಡುವುದಿಲ್ಲ.

ಟೆಕ್ನಿಷಿಯನ್ ಕೆಲಸ ಸಣ್ಣದಲ್ವಾ? ಹೆಸರು ಬರುವುದು ವಿಜ್ಞಾನಿಗೆ ತಾನೇ?

ಈ ಪ್ರಶ್ನೆ ನನಗೆ ಮನಸ್ಸಿಗೆ ತಾಗುತ್ತದೆ. ಹಾಗಾಗಿ ಎರಡು ಕತೆ ಹೇಳಬೇಕು.

1978ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಫರ್ಚ್‌ಗಾಟ್ ಅವರ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಡೇವಿಡ್ ಡೇವಿಡ್ಸನ್ ಮೊಲದ ನಾಳದ ಮೇಲೆ ಒಂದು ಔಷಧದ ಪ್ರಯೋಗ ಮಾಡುತ್ತಿದ್ದರು. ಹೇಳಿಕೊಟ್ಟ ಕ್ರಮ ಸ್ವಲ್ಪ ತಪ್ಪಿತು. ಕುಗ್ಗಬೇಕಾಗಿದ್ದ ನಾಳ ಸಡಿಲಾಯಿತು. ಅದನ್ನು ಎಸೆಯದೆ ಬೆನ್ನು ಹತ್ತಿದಾಗ ಗುಟ್ಟು ಬಯಲಾಯಿತು. ಹಿಂದಿನ ಪ್ರಯೋಗಗಳಲ್ಲಿ ನಾಳವನ್ನು ಸಿದ್ಧಮಾಡುವಾಗ ಒಳಪದರ ಉಜ್ಜಿ ಹೋಗುತ್ತಿತ್ತು. ಒಳಪದರ ಇದ್ದರೆ ಮಾತ್ರ ಆ ಔಷಧಕ್ಕೆ ನಾಳ ಸಡಿಲಾಗುತ್ತದೆ! 1980ರಲ್ಲಿ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್ಸ್ಕಿ ಇದನ್ನು ಪ್ರಕಟಿಸಿದರು. ಆ ಪದರದಿಂದ ಹೊರಬರುವ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲ ಎಂದು ಆಮೇಲೆ ಗೊತ್ತಾಯಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ, ಫೆರಿಡ್ ಮುರಾದ್ ಮೂವರಿಗೆ ನೊಬೆಲ್ ಬಂತು.

ಇನ್ನೊಬ್ಬರು ವಿವಿಯನ್ ಥಾಮಸ್. ಬಡಗಿ ಕೆಲಸ ಬಲ್ಲ ಕಪ್ಪು ಜನಾಂಗದ ಯುವಕ. ಡಾಕ್ಟರಾಗಲು ದುಡ್ಡು ಕೂಡಿಡುತ್ತಿದ್ದರು. 1930ರಲ್ಲಿ ಅಮೆರಿಕದ ಸರ್ಜನ್ ಆಲ್ಫ್ರೆಡ್ ಬ್ಲೇಲಾಕ್ ಅವರ ಲ್ಯಾಬ್‌ಗೆ ಸಹಾಯಕನಾಗಿ ಸೇರಿದರು. ಅದೇ ವರ್ಷ ಬ್ಯಾಂಕ್ ಮುಳುಗಿ ಆ ದುಡ್ಡು ಹೋಯಿತು. ಹುಟ್ಟುವಾಗಲೇ ಹೃದಯದ ದೋಷ ಇದ್ದು ಮೈ ನೀಲಿಯಾಗುವ ಮಕ್ಕಳಿಗೆ ಒಂದು ನಾಳವನ್ನು ಇನ್ನೊಂದಕ್ಕೆ ಹೊಲಿದು ಉಸಿರು ಕೊಡುವ ಶಸ್ತ್ರಚಿಕಿತ್ಸೆಯನ್ನು ನಾಯಿಗಳ ಮೇಲೆ ಮೊದಲು ಪಳಗಿಸಿದ್ದು ಅವರ ಕೈ. 1944ರ ನವೆಂಬರ್ 29ರಂದು ಬ್ಲೇಲಾಕ್ ಮೊದಲ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಥಾಮಸ್ ಅವರ ಹಿಂದೆ ಸ್ಟೂಲಿನ ಮೇಲೆ ನಿಂತು ಪ್ರತಿ ಹೊಲಿಗೆಗೂ ದಾರಿ ಹೇಳುತ್ತಿದ್ದರು. ಮರುವರ್ಷ ಬಂದ ಲೇಖನದಲ್ಲಿ ಅವರ ಹೆಸರಿರಲಿಲ್ಲ. ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ.

ಅದಕ್ಕೇ ನಮ್ಮ ಲ್ಯಾಬ್‌ನಲ್ಲಿ ಲೇಖನ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಬೇಕೆಂದು ನಾನು ಹಟ ಹಿಡಿದಿದ್ದೇನೆ: ಯಾರ ಹೆಸರು ಬಿಟ್ಟುಹೋಗಿದೆ? ಪ್ರೊಫೆಸರ್ ಒಪ್ಪಿದ್ದಾರೆ. ಪ್ರಾಣಿ ಕೋಣೆಯವರ ಹೆಸರೂ ಈಗ ಕೃತಜ್ಞತೆಯ ಸಾಲಿನಲ್ಲಿ ಬರುತ್ತದೆ.

ಲಾಕ್‌ಡೌನ್ ಸಮಯದಲ್ಲಿ ಏನು ಮಾಡಿದಿರಿ?

2020ರ ಮಾರ್ಚ್‌ನಲ್ಲಿ ರೈಲು ನಿಂತಿತು. ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಬಿತ್ತು. ಡಯಾಲಿಸಿಸ್‌ಗೆ ಹೋಗಬೇಕಾದವರೇ ದಾರಿಯಿಲ್ಲದೆ ನಿಂತಿದ್ದರು. ಅದರ ಮುಂದೆ ನಮ್ಮದು ದೊಡ್ಡ ಕಷ್ಟವಲ್ಲ.

ಬೆಳೆಯುತ್ತಿದ್ದ ಕೋಶಗಳು ಹೋದವು. ನನಗೆ ಹೆದರಿಕೆ ಇದ್ದದ್ದು ದ್ರವ ನೈಟ್ರೋಜನ್ ಡಬ್ಬದ ಬಗ್ಗೆ. ಮೈನಸ್ 196 ಡಿಗ್ರಿಯಲ್ಲಿ ಹಲವು ವರ್ಷಗಳ ಕೋಶಗಳು ಅದರಲ್ಲಿವೆ. ನೈಟ್ರೋಜನ್ ಆವಿಯಾಗುತ್ತಲೇ ಇರುತ್ತದೆ, ತುಂಬಿಸದಿದ್ದರೆ ಎಲ್ಲ ಮುಗಿಯಿತು. ಕ್ಯಾಂಪಸ್ ಪಕ್ಕದಲ್ಲೇ ಮನೆ ಇದ್ದದ್ದು ನಮ್ಮ ಅಟೆಂಡರ್ ಅವರಿಗೆ ಮಾತ್ರ. ಪಾಸ್ ಮಾಡಿಸಿಕೊಂಡು ವಾರಕ್ಕೆರಡು ಸಲ ಹೋದರು. ಮರದ ಅಳತೆಪಟ್ಟಿಯನ್ನು ಡಬ್ಬದೊಳಗೆ ಇಳಿಸಿ ಹೊರಗೆ ತೆಗೆದು ಬೀಸಿದರೆ, ದ್ರವ ಎಷ್ಟು ಎತ್ತರ ಇದೆಯೋ ಅಷ್ಟಕ್ಕೆ ಬಿಳಿ ಹಿಮ ಕಟ್ಟುತ್ತದೆ. ಆ ಪಟ್ಟಿಯ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದರು. ನಾನು ಕುಂಬಳೆಯ ಚಾವಡಿಯಲ್ಲಿ ಕೂತು ಹಿಮದ ಗೆರೆ ಎಷ್ಟು ಸೆಂಟಿಮೀಟರ್ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಒಂದು ಟ್ಯೂಬೂ ಹಾಳಾಗಲಿಲ್ಲ.

ಸಂಬಳ ಎಷ್ಟು?

ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ಮೇಲೆ ಅದರ ಮುಂದಿನ ಹಂತ ಎಸ್‌ಆರ್‌ಎಫ್ ಆದರೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಈ ದುಡ್ಡು ತಿಂಗಳಿಗೆ ಸರಿಯಾಗಿ ಬರುತ್ತದೆ ಎಂದು ನಂಬಿ ಬ್ಯಾಂಕ್ ಸಾಲ ಮಾಡಬೇಡಿ. ಆರು ತಿಂಗಳು ಕಾದು ಅಡಿಕೆ ಮಾರಿದ ದುಡ್ಡಿನಲ್ಲಿ ಹಾಸ್ಟೆಲ್ ಬಿಲ್ ಕಟ್ಟಿದ ಹುಡುಗರನ್ನು ನೋಡಿದ್ದೇನೆ. ಜೆಆರ್‌ಎಫ್ ಇಲ್ಲದವರಿಗೆ ಕಡಿಮೆ. ಕರಾರಿನವರಿಗೆ ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂಥ ಕಡೆ ಸೇರಬಹುದಾ?

ಖಂಡಿತ ಸೇರಬಹುದು. ನಾನು ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲೇ.

ಪ್ಲಸ್ ಟೂನಲ್ಲಿ ವಿಜ್ಞಾನ ತೆಗೆದುಕೊಳ್ಳಿ. ಆಮೇಲೆ ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಯಾವುದಾದರೂ ಆದೀತು. ಫಾರ್ಮಸಿ, ಪಶುವೈದ್ಯ ಓದಿದವರೂ ಬರುತ್ತಾರೆ. ಎಂಎಸ್ಸಿಗೆ ದೂರ ಹೋಗಲೇಬೇಕು ಎಂದಿಲ್ಲ. 2009ರಲ್ಲಿ ಶುರುವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಪೆರಿಯದಲ್ಲೇ ಇದೆ. ಬಯೋಕೆಮಿಸ್ಟ್ರಿ, ಪ್ರಾಣಿಶಾಸ್ತ್ರ, ಜೀನೋಮಿಕ್ಸ್ ಎಲ್ಲ ಅಲ್ಲಿವೆ. ಪ್ರವೇಶ ಸಿಯುಇಟಿ ಪರೀಕ್ಷೆಯಿಂದ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವೂ ಕೈಯಳತೆಯಲ್ಲಿದೆ.

ಇಂಗ್ಲಿಷ್ ಮೊದಲ ವರ್ಷ ಹೆದರಿಸುತ್ತದೆ. ನಾನು ಒಂದು ಉಪಾಯ ಮಾಡುತ್ತಿದ್ದೆ. ದಿನಕ್ಕೆ ಒಂದೇ ಒಂದು ಪುಟ ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ, ಅದನ್ನು ಕನ್ನಡದಲ್ಲಿ ಅಜ್ಜಿಗೆ ಹೇಳುವುದು. ಹೇಳಲು ಬಂದರೆ ಅರ್ಥ ಆಗಿದೆ, ಬಾರದಿದ್ದರೆ ಇಲ್ಲ. ಲ್ಯಾಬ್‌ನ ಒಳಗೆ ಇಂಗ್ಲಿಷ್ ಬರೆಯಲು ಮಾತ್ರ. ಊಟದ ಮೇಜಿನಲ್ಲಿ ತುಳು, ಮಲಯಾಳ, ಕನ್ನಡ, ಬ್ಯಾರಿ ಎಲ್ಲ ಒಟ್ಟಿಗೆ ನಡೆಯುತ್ತದೆ. ಏಳು ಭಾಷೆಯ ಊರಿನ ಮಕ್ಕಳಿಗೆ ಇನ್ನೊಂದು ಭಾಷೆ ಕಲಿಯುವುದು ಹೊಸತಲ್ಲ.

ಅಂಕಕ್ಕಿಂತ ಜಾಸ್ತಿ ನಾವು ನೋಡುವುದು ಒಂದನ್ನು: ತಪ್ಪಾದರೆ ಹೇಳುತ್ತಾರಾ? ಟ್ಯೂಬ್ ಅದಲು ಬದಲಾದದ್ದನ್ನು ಮುಚ್ಚಿಟ್ಟರೆ ಆರು ತಿಂಗಳ ಕೆಲಸ ಸುಳ್ಳಾಗುತ್ತದೆ.

ಹೆಣ್ಮಕ್ಕಳಿಗೆ ಆಗುತ್ತದಾ?

ನಮ್ಮಲ್ಲಿ ಹೆಣ್ಮಕ್ಕಳೇ ಜಾಸ್ತಿ. ರಾತ್ರಿ ತಡವಾಗುವ ಪ್ರಯೋಗ ಇದ್ದರೆ ಇಬ್ಬರು ಒಟ್ಟಿಗೆ ಇರಬೇಕು ಎಂಬುದು ನಮ್ಮ ನಿಯಮ. ಮನೆಯವರು ಕೊನೆಯ ರೈಲಿನ ಸಮಯ ಕೇಳುವ ಹಾಗೆ ಪ್ರಯೋಗ ಎಲ್ಲಿಗೆ ಬಂತು ಎಂದೂ ಕೇಳಿದರೆ ಚೆನ್ನ.

ಇದರಿಂದ ನಮ್ಮಂಥವರಿಗೆ ಏನು ಸಿಕ್ಕಿತು?

ಎದೆನೋವು ಬಂದವರು ನಾಲಿಗೆಯ ಕೆಳಗೆ ಇಡುವ ಮಾತ್ರೆ ನೋಡಿದ್ದೀರಲ್ಲ? ಆ ಜಾತಿಯ ಔಷಧದಲ್ಲಿ ತುಂಬ ಹಳೆಯದು ನೈಟ್ರೋಗ್ಲಿಸರಿನ್. ಅದನ್ನು 1870ರ ದಶಕದಿಂದಲೇ ಎದೆನೋವಿಗೆ ಕೊಡುತ್ತಿದ್ದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸುಮಾರು ನೂರು ವರ್ಷ ಯಾರಿಗೂ ಗೊತ್ತಿರಲಿಲ್ಲ. ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ ಎಂದು ತೋರಿಸಿದ್ದು ಮುರಾದ್, 1977ರಲ್ಲಿ. ಇನ್ನೊಂದು, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದವರಿಗೆ ಕಣ್ಣಿಗೇ ಕೊಡುವ ಇಂಜೆಕ್ಷನ್. ನನ್ನ ದೊಡ್ಡಮ್ಮನಿಗೂ ಕೊಟ್ಟಿದ್ದಾರೆ. ವಿಇಜಿಎಫ್ ಎಂಬ ಪ್ರೋಟೀನ್ ಹೊಸ ನಾಳಗಳನ್ನು ಬೆಳೆಸುತ್ತದೆ, ಇರುವ ನಾಳಗಳು ಸೋರುವ ಹಾಗೆ ಮಾಡುತ್ತದೆ. ಇಂಜೆಕ್ಷನ್ ಅದನ್ನು ತಡೆಯುತ್ತದೆ. 1989ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿದ ಕೆಲಸ ನಡೆದದ್ದು ಲ್ಯಾಬ್‌ನ ಫ್ಲಾಸ್ಕಿನಲ್ಲಿ ಬೆಳೆಸಿದ ಕೋಶಗಳಿಂದಲೇ.

ನಮ್ಮ ಲ್ಯಾಬ್‌ನಿಂದ ಔಷಧ ಬಂದಿಲ್ಲ. ಸಣ್ಣ ಸಣ್ಣ ಉತ್ತರಗಳು ಬಂದಿವೆ.

ಮಕ್ಕಳನ್ನು ಕರೆದುಕೊಂಡು ನೋಡಲು ಬರಬಹುದಾ?

ಬನ್ನಿ. ಫೆಬ್ರವರಿ 28, ವಿಜ್ಞಾನ ದಿನ, ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಕಳೆದ ಸಲ ಬದಿಯಡ್ಕ ಕಡೆಯ ಒಂದು ಕನ್ನಡ ಶಾಲೆಯ ಮಕ್ಕಳು ಬಂದಿದ್ದರು. ಮೈಕ್ರೋಸ್ಕೋಪ್‌ನಲ್ಲಿ ಒಳಪದರದ ಕೋಶ ನೋಡಿದ ಹುಡುಗಿಯೊಬ್ಬಳು "ಟೀಚರ್, ಕಲ್ಲು ಹಾಸಿದ ಅಂಗಳ!" ಎಂದಳು. ಹಾಸುಗಲ್ಲಿನ ಹಾಗೆ ಎಂದೇ ನಮ್ಮ ಪಠ್ಯಪುಸ್ತಕಗಳೂ ಆ ಕೋಶಗಳನ್ನು ವರ್ಣಿಸುತ್ತವೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬೇರೆ ದಿನ ಬರುವುದಾದರೆ ಒಂದು ವಾರ ಮೊದಲು ತಿಳಿಸಿ, ಬೆಳಗ್ಗೆ 11ರ ಮೇಲೆ ಬನ್ನಿ. ಅಷ್ಟರಲ್ಲಿ ಕೋಶಗಳ ಊಟ ಮುಗಿದಿರುತ್ತದೆ. ಚಪ್ಪಲಿ ಹೊರಗೆ, ತಿಂಡಿ ಬ್ಯಾಗಿನಲ್ಲೇ. ಪಾತ್ರೆ ತೊಳೆಯುವ ಕೋಣೆಯನ್ನೂ ತೋರಿಸಿ ಎಂದು ಕೇಳಿ. ಅಲ್ಲಿಯ ಕೆಲಸ ವಿವರಿಸಿ ಹೇಳಲು ನಮ್ಮ ಅಟೆಂಡರ್ ಕಾಯುತ್ತಿರುತ್ತಾರೆ.